ಕಪಾಟಿಲ್ಲದ ಗ್ರಂಥಾಲಯ

ಅಮೆರಿಕ ಸಂಯುಕ್ತ ಸಂಸ್ಥಾನದ ಒಹಾಯೊ ರಾಜ್ಯದಲ್ಲಿ, ಈರೀ ಸರೋವರದ ದಂಡೆಯ ಮೇಲೆ ಕ್ಲೀವ್‌ಲ್ಯಾಂಡ್ ಎಂಬ ಕೈಗಾರಿಕಾ ನಗರವಿದೆ. ಆ ನಗರದ ಸಾರ್ವಜನಿಕ ಗ್ರಂಥಾಲಯ ಸ್ಥಾಪನೆಯಾದುದು 1869ರಲ್ಲಿ. ಆ ಕಾಲದ ದೊಡ್ಡ ಗ್ರಂಥಾಲಯಗಳಲ್ಲಿ ಓದುಗನಿಗೂ ಪುಸ್ತಕಕ್ಕೂ ನಡುವೆ ಒಂದು ಅಡ್ಡಕಟ್ಟೆ ಇರುತ್ತಿತ್ತು. ಓದುಗನು ಈಚೆಗೆ ನಿಂತು ತನಗೆ ಬೇಕಾದ ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದು ಕೊಡಬೇಕು. ಸಹಾಯಕನು ಒಳಗೆ ಹೋಗಿ ಅದನ್ನು ಹುಡುಕಿ ತರಬೇಕು. ಹೆಸರು ತಿಳಿಯದವನ ಪಾಡು ಹೇಳತೀರದು. ಪುಸ್ತಕಗಳನ್ನು ಕೈಗೆತ್ತಿಕೊಂಡು, ಹಾಳೆ ತಿರುವಿ, ನಾಲ್ಕು ಸಾಲು ಓದಿ, ಇದು ಬೇಕು ಇದು ಬೇಡ ಎಂದು ಆರಿಸುವ ಸುಖ ಅವನಿಗೆ ದೊರೆಯುತ್ತಿರಲಿಲ್ಲ.

1890ರಲ್ಲಿ ಅಲ್ಲಿನ ಗ್ರಂಥಪಾಲಕ ವಿಲಿಯಂ ಹೊವರ್ಡ್ ಬ್ರೆಟ್ ಆ ಅಡ್ಡಕಟ್ಟೆಯನ್ನು ತೆಗೆಸಿ, ಜನರು ನೇರವಾಗಿ ಕಪಾಟುಗಳ ಬಳಿಗೇ ಹೋಗಲು ಅವಕಾಶ ಮಾಡಿಕೊಟ್ಟನು. ಅಷ್ಟು ದೊಡ್ಡ ನಗರದ ಗ್ರಂಥಾಲಯವೊಂದು ಹೀಗೆ ಮಾಡಿದ್ದು ಅದೇ ಮೊದಲು. ಪುಸ್ತಕವನ್ನು ಕಳ್ಳರಿಂದ ಕಾಯುವುದೇ ಗ್ರಂಥಪಾಲಕನ ಮೊದಲ ಕೆಲಸವೆಂಬ ಭಾವನೆ ಬಹಳ ಹಳೆಯದು. ಇಂಗ್ಲೆಂಡಿನ ಹೆರೆಫರ್ಡ್ ನಗರದ ಪ್ರಧಾನ ಇಗರ್ಜಿಯಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಳಿಗಳಿಂದ ಕಪಾಟಿಗೆ ಬಿಗಿದಿರುವುದನ್ನು ಇಂದಿಗೂ ನೋಡಬಹುದು. ಪುಸ್ತಕವೊಂದನ್ನು ಕೈಯಿಂದ ಬರೆದು ಮುಗಿಸಲು ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕಾಲದಿಂದ ಉಳಿದುಬಂದ ಪದ್ಧತಿ ಅದು. ಅಂದಿನವರನ್ನು ಜಿಪುಣರೆಂದು ಹಳಿಯುವುದು ಸರಿಯಲ್ಲ.

ಬ್ರೆಟ್ ಕಪಾಟುಗಳನ್ನು ತೆರೆದ 113 ವರ್ಷಗಳ ಅನಂತರ, 2003ರಲ್ಲಿ, ಅದೇ ಕ್ಲೀವ್‌ಲ್ಯಾಂಡಿನ ಗ್ರಂಥಾಲಯ ಕಪಾಟೇ ಇಲ್ಲದ ಪುಸ್ತಕಗಳನ್ನು ಎರವಲು ಕೊಡಲು ಆರಂಭಿಸಿತು. ಅದೇ ನಗರದಲ್ಲಿ 1986ರಲ್ಲಿ ಹುಟ್ಟಿದ ಓವರ್‌ಡ್ರೈವ್ ಎಂಬ ಸಂಸ್ಥೆ ಇದಕ್ಕೆ ಬೇಕಾದ ಏರ್ಪಾಟನ್ನು ಒದಗಿಸಿತು. ಮೊದಮೊದಲು ಓದುಗರು ಪುಸ್ತಕವನ್ನು ಮನೆಯ ಗಣಕಯಂತ್ರಕ್ಕೆ ಇಳಿಸಿಕೊಂಡು ಓದಬೇಕಾಗಿತ್ತು. ಕೆಲವೇ ವರ್ಷಗಳಲ್ಲಿ ಅಂಗೈಯಗಲದ ಓದುಪಟ್ಟಿಗಳೂ ಮೊಬೈಲುಗಳೂ ಬಂದವು. 2017ರಲ್ಲಿ ಅದೇ ಸಂಸ್ಥೆ ‘ಲಿಬ್ಬಿ’ ಎಂಬ ಆ್ಯಪನ್ನು ಹೊರತಂದ ಮೇಲೆ, ಗ್ರಂಥಾಲಯದ ಚೀಟಿಯೊಂದಿದ್ದವನಿಗೆ ಪುಸ್ತಕವನ್ನು ಎರವಲು ಪಡೆಯುವುದು ಪತ್ರ ತೆರೆದು ಓದುವಷ್ಟು ಸುಲಭವಾಯಿತು.

ಇದರ ಕ್ರಮವನ್ನು ವಿವರಿಸುವುದು ಕಷ್ಟವಲ್ಲ. ಓದುಗನು ತನ್ನ ಸದಸ್ಯತ್ವದ ಸಂಖ್ಯೆಯನ್ನೂ ಗುಪ್ತಸಂಖ್ಯೆಯನ್ನೂ ಒತ್ತಿದರೆ ಗ್ರಂಥಾಲಯದ ಪುಸ್ತಕಪಟ್ಟಿ ಅವನ ಮುಂದೆ ತೆರೆದುಕೊಳ್ಳುತ್ತದೆ. ಬೇಕಾದುದನ್ನು ಆರಿಸಿದರೆ ಅದು ನಿಮಿಷದೊಳಗೆ ಅವನ ಕೈಯಲ್ಲಿರುವ ಯಂತ್ರಕ್ಕೆ ಬಂದು ಸೇರುತ್ತದೆ. ಬಂದ ಪುಸ್ತಕದ ಜೊತೆಯಲ್ಲಿಯೇ ಕಣ್ಣಿಗೆ ಕಾಣದ ಬೀಗವೊಂದು ಬಂದಿರುತ್ತದೆ. ಎರವಲಿನ ಅವಧಿ, ಸಾಮಾನ್ಯವಾಗಿ ಎರಡು ಅಥವಾ ಮೂರು ವಾರ, ಮುಗಿದ ಕ್ಷಣದಲ್ಲಿ ಆ ಬೀಗ ತಾನಾಗಿ ಬೀಳುತ್ತದೆ, ಪುಸ್ತಕ ಹಿಂದಿರುಗಿದಂತಾಯಿತು. ಅವಧಿ ಮೀರಿ ಇಟ್ಟುಕೊಳ್ಳುವಂತಿಲ್ಲವಾದ್ದರಿಂದ ದಂಡವೆಂಬುದೂ ಇಲ್ಲ. ಅಕ್ಷರಗಳನ್ನು ಕಣ್ಣಿಗೆ ಹಿತವಾಗುವಷ್ಟು ದೊಡ್ಡದು ಮಾಡಿಕೊಳ್ಳಬಹುದು. ಹಾಸಿಗೆ ಹಿಡಿದ ರೋಗಿಗೆ, ಮೆಟ್ಟಿಲು ಹತ್ತಲಾಗದ ವೃದ್ಧನಿಗೆ, ಹಗಲೆಲ್ಲ ದುಡಿದು ಗ್ರಂಥಾಲಯದ ಬಾಗಿಲು ಮುಚ್ಚಿದ ಮೇಲೆ ಮನೆಗೆ ಬರುವ ಕೆಲಸಗಾರನಿಗೆ ಇದು ಎಷ್ಟು ದೊಡ್ಡ ಉಪಕಾರವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಓದುವ ಪುಸ್ತಕದ ಜೊತೆಗೆ ಕೇಳುವ ಪುಸ್ತಕವೂ ಹೀಗೆಯೇ ಎರವಲಿಗೆ ಬರುತ್ತದೆ. ನುರಿತ ವಾಚಕನೊಬ್ಬನು ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಧ್ವನಿಮುದ್ರಿಸಿದುದೇ ಧ್ವನಿಪುಸ್ತಕ. ಮುನ್ನೂರು ಪುಟದ ಕಾದಂಬರಿಯೊಂದನ್ನು ಕೇಳಿ ಮುಗಿಸಲು ಸುಮಾರು ಹತ್ತು ಗಂಟೆ ಬೇಕಾಗುತ್ತದೆ. ಅಡಿಗೆ ಮಾಡುವಾಗ, ದಾರಿ ನಡೆಯುವಾಗ ಇದನ್ನು ಕೇಳುವವರು ಇಂದು ಬಹಳ ಮಂದಿ. ಆದರೆ ಇದು ಹುಟ್ಟಿದ್ದು ಅಂಥವರಿಗಾಗಿ ಅಲ್ಲ. 1877ರಲ್ಲಿ ಧ್ವನಿಲೇಖಯಂತ್ರವನ್ನು ರಚಿಸಿದ ಥಾಮಸ್ ಆಲ್ವ ಎಡಿಸನ್, ಮರುವರ್ಷವೇ ಅದರ ಉಪಯೋಗಗಳನ್ನು ಎಣಿಸುತ್ತ, ಅಂಧರಿಗೆ ತಾನಾಗಿ ಮಾತನಾಡುವ ಪುಸ್ತಕಗಳನ್ನು ಅದರಿಂದ ಮಾಡಬಹುದೆಂದು ಸೂಚಿಸಿದ್ದನು. ಆದರೆ ಅಂದಿನ ಯಂತ್ರದಲ್ಲಿ ಹಿಡಿಯುತ್ತಿದ್ದುದು ಕೆಲವೇ ನಿಮಿಷಗಳ ಮಾತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ನಿಧಾನವಾಗಿ ತಿರುಗಿ ಒಂದು ಮಗ್ಗುಲಿನಲ್ಲಿ ಸುಮಾರು ಕಾಲು ಗಂಟೆ ನುಡಿಯುವ ತಟ್ಟೆಗಳು ಸಿದ್ಧವಾದವು. 1934ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅಂಥ ತಟ್ಟೆಗಳನ್ನು ಅಂಧ ಓದುಗರಿಗೆ ಎರವಲು ಕೊಡಲು ತೊಡಗಿತು. ಒಂದು ಕಾದಂಬರಿಗೆ ಹತ್ತಿಪ್ಪತ್ತು ತಟ್ಟೆಗಳ ಭಾರವಾದ ಪೆಟ್ಟಿಗೆ; ಅದನ್ನು ಅಂಚೆಯವರು ಶುಲ್ಕವಿಲ್ಲದೆ ಮನೆಗೆ ತಲುಪಿಸಿ, ಮರಳಿ ಒಯ್ಯುತ್ತಿದ್ದರು. 1935ರಲ್ಲಿ ಬ್ರಿಟನ್ನಿನಲ್ಲಿಯೂ ಇಂಥ ಸೇವೆ ಆರಂಭವಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರು ಅದಕ್ಕೆ ಮುಖ್ಯ ಪ್ರೇರಣೆಯಾಗಿದ್ದರು. ಬೆರಳ ತುದಿಯಿಂದ ಬ್ರೈಲ್ ಲಿಪಿಯನ್ನು ಓದಲು ನಡುವಯಸ್ಸಿನಲ್ಲಿ ಕಲಿಯುವುದು ಎಲ್ಲರಿಗೂ ಸಾಧ್ಯವಾಗುತ್ತಿರಲಿಲ್ಲ.

ಆ ಪೆಟ್ಟಿಗೆಯ ಭಾರವೆಲ್ಲ ಈಗ ಇಳಿದುಹೋಗಿದೆ. ಅಂಧರಿಗಾಗಿ ಪುಸ್ತಕಗಳನ್ನು ಬೇರೆ ರೂಪಕ್ಕೆ ಮಾರ್ಪಡಿಸಲು ಕೃತಿಸ್ವಾಮ್ಯದ ಕಾನೂನು ಅಡ್ಡಿಯಾಗಬಾರದೆಂಬ ಅಂತರರಾಷ್ಟ್ರೀಯ ಒಪ್ಪಂದವೊಂದು 2013ರಲ್ಲಿ ಮೊರಾಕ್ಕೊ ದೇಶದ ಮರಕೇಶ್ ನಗರದಲ್ಲಿ ರೂಪುಗೊಂಡಿತು. ಅದನ್ನು ಎಲ್ಲ ದೇಶಗಳಿಗಿಂತ ಮೊದಲು, 2014ರಲ್ಲಿ, ಸ್ಥಿರೀಕರಿಸಿದ ದೇಶ ಭಾರತ. ಇಂಥ ಪುಸ್ತಕಗಳನ್ನು ಒಂದೆಡೆ ಒದಗಿಸುವ ‘ಸುಗಮ್ಯ ಪುಸ್ತಕಾಲಯ’ 2016ರಲ್ಲಿ ನಮ್ಮ ದೇಶದಲ್ಲಿ ಆರಂಭವಾಯಿತು.

ಇಷ್ಟೆಲ್ಲ ಸೌಕರ್ಯವಿದ್ದರೂ ಇ-ಪುಸ್ತಕವನ್ನು ಎರವಲು ಕೇಳುವ ಹೊಸ ಓದುಗನಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಜನಪ್ರಿಯವಾದ ಪುಸ್ತಕವೊಂದನ್ನು ಕೇಳಿದರೆ, ‘ಎಲ್ಲ ಪ್ರತಿಗಳೂ ಹೊರಗೆ ಹೋಗಿವೆ, ನಿಮ್ಮ ಮುಂದೆ ಇಷ್ಟು ಮಂದಿ ಕಾಯುತ್ತಿದ್ದಾರೆ’ ಎಂಬ ಉತ್ತರ ಬರುತ್ತದೆ. ಕೆಲವು ವೇಳೆ ಸರದಿ ಬರಲು ತಿಂಗಳುಗಳೇ ಹಿಡಿಯುತ್ತವೆ. ಕಾಗದದ ಪುಸ್ತಕಕ್ಕೆ ಕಾಯುವುದು ಸಹಜ. ಒಬ್ಬನ ಕೈಯಲ್ಲಿರುವುದು ಇನ್ನೊಬ್ಬನ ಕೈಯಲ್ಲಿ ಇರಲಾರದು. ಆದರೆ ದೀಪದಿಂದ ದೀಪ ಹೊತ್ತಿಸಿದಂತೆ, ಒಂದರಿಂದ ಸಾವಿರ ಪ್ರತಿಗಳನ್ನು ಖರ್ಚಿಲ್ಲದೆ ಮಾಡಬಹುದಾದ ವಸ್ತುವಿಗೆ ಸರದಿ ಏಕೆ? ಹೊರಗೆ ಹೋಗಿದೆ ಎಂದರೆ ಎಲ್ಲಿಂದ ಹೊರಗೆ?

ಉತ್ತರ ಯಂತ್ರದಲ್ಲಿಲ್ಲ, ಕರಾರಿನಲ್ಲಿದೆ. ಗ್ರಂಥಾಲಯ ಪ್ರಕಾಶಕರಿಂದ ಒಂದು ಪ್ರತಿಗೆ ಹಣ ತೆತ್ತಿದ್ದರೆ ಒಂದು ಕಾಲಕ್ಕೆ ಒಬ್ಬನಿಗೆ ಮಾತ್ರ ಕೊಡಬೇಕು; ಹತ್ತು ಪ್ರತಿಗೆ ತೆತ್ತಿದ್ದರೆ ಹತ್ತು ಮಂದಿಗೆ. ಕಾಗದದ ಪುಸ್ತಕಕ್ಕೆ ಪ್ರಕೃತಿಯೇ ವಿಧಿಸಿದ್ದ ಮಿತಿಯನ್ನು ಇಲ್ಲಿ ಬರವಣಿಗೆಯ ಮೂಲಕ ವಿಧಿಸಲಾಗಿದೆ. ಬೇರೊಂದು ಬಗೆಯ ಕರಾರೂ ಉಂಟು. ಅದರಲ್ಲಿ ಕಾಯುವ ಪ್ರಮೇಯವಿಲ್ಲ, ಕೇಳಿದವರಿಗೆಲ್ಲ ಕೂಡಲೆ ಪುಸ್ತಕ ಸಿಗುತ್ತದೆ. ಆದರೆ ಪ್ರತಿ ಎರವಲಿಗೂ ಗ್ರಂಥಾಲಯ ಹಣ ತೆರಬೇಕಾಗುವುದರಿಂದ, ಒಬ್ಬ ಓದುಗನಿಗೆ ತಿಂಗಳಿಗೆ ಇಂತಿಷ್ಟೇ ಎಂದು ಕಟ್ಟುಮಾಡಬೇಕಾಗುತ್ತದೆ.

ಇಲ್ಲಿ ‘ಕೊಳ್ಳುವುದು’ ಎಂಬ ಮಾತಿನ ಅರ್ಥವನ್ನೇ ಕೊಂಚ ಪರಿಶೀಲಿಸಬೇಕು. 1904ರಲ್ಲಿ ಅಮೆರಿಕದ ಪ್ರಕಾಶನ ಸಂಸ್ಥೆಯೊಂದು ‘ದಿ ಕ್ಯಾಸ್ಟವೇ’ ಎಂಬ ಕಾದಂಬರಿಯನ್ನು ಪ್ರಕಟಿಸಿ, ಇದನ್ನು ಒಂದು ಡಾಲರಿಗಿಂತ ಕಡಿಮೆಗೆ ಯಾರೂ ಮಾರಕೂಡದೆಂದು ಅದರೊಳಗೇ ಅಚ್ಚು ಹಾಕಿಸಿತು. ನ್ಯೂಯಾರ್ಕಿನ ದೊಡ್ಡ ಅಂಗಡಿಯೊಂದು ಅದನ್ನು ಲಕ್ಷಿಸದೆ 89 ಸೆಂಟಿಗೆ ಮಾರಿತು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಒಮ್ಮೆ ಮಾರಿದ ಪ್ರತಿಯ ಮೇಲೆ ಪ್ರಕಾಶಕನಿಗೆ ಅಂಥ ಹಿಡಿತ ಉಳಿಯುವುದಿಲ್ಲವೆಂದು ನ್ಯಾಯಾಲಯ 1908ರಲ್ಲಿ ತೀರ್ಪು ಕೊಟ್ಟಿತು. ಹನ್ನೊಂದು ಸೆಂಟಿನ ಜಗಳವೆಂದು ಇದನ್ನು ಕಡೆಗಣಿಸುವಂತಿಲ್ಲ. ಕೊಂಡ ಪುಸ್ತಕವನ್ನು ಮರಳಿ ಮಾರುವ, ದಾನ ಮಾಡುವ, ಎರವಲು ಕೊಡುವ ಹಕ್ಕು ಕೊಂಡವನದೆಂಬ ನಿಯಮ ಅಮೆರಿಕದಲ್ಲಿ ಇದರಿಂದ ಗಟ್ಟಿಗೊಂಡಿತು. ಅಲ್ಲಿನ ಗ್ರಂಥಾಲಯಗಳು ಯಾರ ಅಪ್ಪಣೆಯನ್ನೂ ಬೇಡದೆ ಪುಸ್ತಕವನ್ನು ಎರವಲು ಕೊಡುವುದು ಈ ನಿಯಮದ ಬಲದಿಂದಲೇ.

ಇ-ಪುಸ್ತಕಕ್ಕೆ ಆ ಬಲವಿಲ್ಲ. ಪ್ರಕಾಶಕನು ಅದನ್ನು ಮಾರುವುದಿಲ್ಲ. ಬಳಸಲು ಪರವಾನಗಿ ಕೊಡುತ್ತಾನೆ. ಪರವಾನಗಿಗೆ ಷರತ್ತುಗಳಿರುತ್ತವೆ, ಅವಧಿಯಿರುತ್ತದೆ. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಎಂಬ ಹೆಸರಾಂತ ಪ್ರಕಾಶನ ಸಂಸ್ಥೆ, ತನ್ನ ಇ-ಪುಸ್ತಕವನ್ನು ಗ್ರಂಥಾಲಯ 26 ಸಲ ಎರವಲು ಕೊಟ್ಟ ಮೇಲೆ ಅದು ಮುಗಿದಂತೆ, ಮತ್ತೆ ಬೇಕಾದರೆ ಮತ್ತೆ ಹಣ ತೆರಬೇಕು ಎಂದು ಸಾರಿತು. ಎರಡೆರಡು ವಾರದಂತೆ 26 ಎರವಲು ಎಂದರೆ ಸರಿಯಾಗಿ ಒಂದು ವರ್ಷ. ಕಾಗದದ ಪುಸ್ತಕವೂ ಕೈಯಿಂದ ಕೈಗೆ ಸಾಗಿ ಸವೆಯುತ್ತದೆ, ಗ್ರಂಥಾಲಯ ಹೊಸ ಪ್ರತಿ ಕೊಳ್ಳುತ್ತದೆ. ಸವೆಯದ ಪುಸ್ತಕಕ್ಕೆ ಇದೇ ನ್ಯಾಯವೆಂಬುದು ಸಂಸ್ಥೆಯ ವಾದವಾಗಿತ್ತು. ಓಕ್ಲಹೋಮ ರಾಜ್ಯದ ಗ್ರಂಥಪಾಲಕರು ಇದಕ್ಕೆ ಕೊಟ್ಟ ಮರುತ್ತರ ಸೊಗಸಾಗಿತ್ತು. ಅವರು ಅದೇ ಪ್ರಕಾಶಕರ ಕಾಗದದ ಪುಸ್ತಕಗಳಲ್ಲಿ ಅನೇಕ ಸಲ ಎರವಲು ಹೋಗಿಬಂದವನ್ನು ಕಪಾಟಿನಿಂದ ತೆಗೆದು, ಅವುಗಳ ಬೆನ್ನು, ಹೊಲಿಗೆ, ಹಾಳೆಗಳು ಇನ್ನೂ ಗಟ್ಟಿಯಾಗಿರುವುದನ್ನು ಚಲನಚಿತ್ರ ತೆಗೆದು ಎಲ್ಲರಿಗೂ ತೋರಿಸಿದರು.

2019ರ ನವೆಂಬರಿನಲ್ಲಿ ಮ್ಯಾಕ್‌ಮಿಲನ್ ಸಂಸ್ಥೆ ಇನ್ನೂ ಬಿಗಿಯಾದ ನಿಯಮವನ್ನು ತಂದಿತು. ಹೊಸ ಪುಸ್ತಕ ಪ್ರಕಟವಾದ ಮೊದಲ ಎಂಟು ವಾರಗಳಲ್ಲಿ, ಗ್ರಂಥಾಲಯ ಎಷ್ಟೇ ದೊಡ್ಡದಾಗಿರಲಿ, ಅದಕ್ಕೆ ಒಂದೇ ಇ-ಪ್ರತಿ. ಆಮೇಲಿನ ಪ್ರತಿಗಳಿಗೆ ತಲಾ 60 ಡಾಲರ್, ಅದೂ ಎರಡು ವರ್ಷಕ್ಕೆ ಮಾತ್ರ. ಲಕ್ಷಗಟ್ಟಲೆ ಜನರಿರುವ ನಗರಕ್ಕೆ ಒಂದು ಪ್ರತಿ! ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿ ಗ್ರಂಥಾಲಯವೂ ಸೇರಿದಂತೆ ಹಲವು ಗ್ರಂಥಾಲಯಗಳು ಆ ಸಂಸ್ಥೆಯ ಹೊಸ ಇ-ಪುಸ್ತಕಗಳನ್ನು ತರಿಸುವುದನ್ನೇ ನಿಲ್ಲಿಸಿದವು. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಸಾಂಕ್ರಾಮಿಕದಿಂದ ಗ್ರಂಥಾಲಯಗಳೆಲ್ಲ ಬಾಗಿಲು ಹಾಕಿದಾಗ ಸಂಸ್ಥೆ ಆ ನಿಯಮವನ್ನು ಹಿಂತೆಗೆದುಕೊಂಡಿತು.

ಪ್ರಕಾಶಕರ ಭಯ ಕೇವಲ ಲೋಭದಿಂದ ಹುಟ್ಟಿದುದೆಂದು ತಿಳಿಯುವುದು ಅನ್ಯಾಯವಾದೀತು. ಕಾಗದದ ಪುಸ್ತಕವನ್ನು ಎರವಲು ತರಲು ಗ್ರಂಥಾಲಯಕ್ಕೆ ಎರಡು ಸಲ ನಡೆಯಬೇಕು. ಆ ಶ್ರಮ ಬೇಡವೆಂದು ಎಷ್ಟೋ ಮಂದಿ ಅಂಗಡಿಯಲ್ಲಿ ಕೊಂಡುಬಿಡುತ್ತಾರೆ. ಎರವಲು ತರುವುದು ಕೊಳ್ಳುವಷ್ಟೇ ಸುಲಭವಾದರೆ ಕೊಳ್ಳುವವರಾರು? ಪುಸ್ತಕ ಮಾರಾಟವಾಗದಿದ್ದರೆ ಬರೆದವನ ಜೀವನ ಸಾಗುವುದು ಹೇಗೆ? ಬ್ರಿಟನ್ನು ಈ ಪ್ರಶ್ನೆಗೆ ಬೇರೊಂದು ದಾರಿ ಕಂಡುಕೊಂಡಿದೆ. ಅಲ್ಲಿ 1979ರ ಕಾಯಿದೆಯಂತೆ, ಸಾರ್ವಜನಿಕ ಗ್ರಂಥಾಲಯಗಳಿಂದ ಪುಸ್ತಕ ಎರವಲು ಹೋದಾಗ ಅದರ ಲೇಖಕನಿಗೆ ಸರ್ಕಾರವೇ ಅಲ್ಪ ಸಂಭಾವನೆಯನ್ನು ಕೊಡುತ್ತದೆ. 2018ರ ಜುಲೈಯಿಂದ ಈ ಹಕ್ಕು ಮನೆಯಲ್ಲಿಯೇ ಕುಳಿತು ಪಡೆಯುವ ಇ-ಪುಸ್ತಕ, ಧ್ವನಿಪುಸ್ತಕಗಳಿಗೂ ವಿಸ್ತರಿಸಿತು. ಯೂರೋಪಿನ ಉಚ್ಚ ನ್ಯಾಯಾಲಯವಾದರೋ, ನೆದರ್ಲೆಂಡಿನ ಗ್ರಂಥಾಲಯಗಳು ಹೂಡಿದ ವ್ಯಾಜ್ಯದಲ್ಲಿ, ಒಂದು ಪ್ರತಿಯನ್ನು ಒಂದು ಕಾಲಕ್ಕೆ ಒಬ್ಬನಿಗೇ ಕೊಡುವುದಾದರೆ ಇ-ಪುಸ್ತಕದ ಎರವಲನ್ನೂ ಕಾಗದದ ಪುಸ್ತಕದ ಎರವಲಿನಂತೆಯೇ ಕಾಣಬಹುದೆಂದು 2016ರಲ್ಲಿ ಹೇಳಿತು.

ಅಮೆರಿಕದಲ್ಲಿ ಗ್ರಂಥಾಲಯಗಳ ಪರವಾದ ಪ್ರಯತ್ನಗಳು ಇಷ್ಟು ಫಲಿಸಲಿಲ್ಲ. ನ್ಯಾಯವಾದ ಷರತ್ತುಗಳ ಮೇಲೆ ಗ್ರಂಥಾಲಯಗಳಿಗೆ ಇ-ಪುಸ್ತಕವನ್ನು ಕೊಡಲೇಬೇಕೆಂದು ಮೇರಿಲ್ಯಾಂಡ್ ರಾಜ್ಯ 2021ರಲ್ಲಿ ಮಾಡಿದ ಕಾನೂನನ್ನು ಮರುವರ್ಷವೇ ನ್ಯಾಯಾಲಯ ಅಸಿಂಧುವೆಂದು ಘೋಷಿಸಿತು. 1996ರಲ್ಲಿ ಸ್ಥಾಪಿತವಾದ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆ ಬೇರೆ ಮಾರ್ಗ ಹಿಡಿದಿತ್ತು. ಅದು ತನ್ನಲ್ಲಿ ಇರುವ ಕಾಗದದ ಪುಸ್ತಕದ ಪುಟಗಳ ಚಿತ್ರ ತೆಗೆದು, ಕಾಗದದ ಪ್ರತಿಯನ್ನು ಹೊರಗೆ ಕೊಡದೆ ಇರಿಸಿಕೊಂಡು, ಅದರ ಬದಲಿಗೆ ಆ ಚಿತ್ರಪ್ರತಿಯನ್ನು ಒಬ್ಬೊಬ್ಬರಿಗೇ ಎರವಲು ಕೊಡುತ್ತಿತ್ತು. 2020ರ ಮಾರ್ಚ್ ತಿಂಗಳಲ್ಲಿ, ಶಾಲೆಗಳೂ ಗ್ರಂಥಾಲಯಗಳೂ ಮುಚ್ಚಿದುದರಿಂದ, ಅದು ಕೆಲವು ಕಾಲ ಸರದಿಯನ್ನೇ ತೆಗೆದುಹಾಕಿ ಕೇಳಿದವರಿಗೆಲ್ಲ ಒಮ್ಮೆಗೇ ಕೊಟ್ಟಿತು. ನಾಲ್ವರು ದೊಡ್ಡ ಪ್ರಕಾಶಕರು ಜೂನ್ ತಿಂಗಳಲ್ಲಿ ದಾವೆ ಹೂಡಿದರು. 2023ರಲ್ಲಿ ಕೆಳಗಿನ ನ್ಯಾಯಾಲಯವೂ 2024ರ ಸೆಪ್ಟೆಂಬರಿನಲ್ಲಿ ಮೇಲ್ಮನವಿಯ ನ್ಯಾಯಾಲಯವೂ ಪ್ರಕಾಶಕರ ಪರವಾಗಿ ತೀರ್ಪಿತ್ತವು. ಕೂಡಿಟ್ಟಿದ್ದ ಪುಸ್ತಕಗಳಲ್ಲಿ ಬಹಳವನ್ನು ಆ ಸಂಸ್ಥೆ ಎರವಲಿನಿಂದ ಹಿಂದಕ್ಕೆ ತೆಗೆಯಬೇಕಾಯಿತು. ಆಪತ್ಕಾಲದಲ್ಲಿ ಸರದಿಯನ್ನು ಮುರಿದದ್ದು ದುಡುಕಾಗಿರಬಹುದು. ಆದರೆ ಅದರಿಂದಾಗಿ ಕ್ರಮಬದ್ಧವಾಗಿ ನಡೆಯುತ್ತಿದ್ದ ಎರವಲೂ ನಿಂತುಹೋದದ್ದು ಓದುಗರ ದುರ್ದೈವ.

ಈ ವ್ಯಾಜ್ಯ ಕೃತಿಸ್ವಾಮ್ಯ ಉಳಿದಿರುವ ಪುಸ್ತಕಗಳಿಗೆ ಮಾತ್ರ ಸಂಬಂಧಿಸಿದ್ದು. ಭಾರತದಲ್ಲಿ ಲೇಖಕನು ತೀರಿಕೊಂಡು ಅರುವತ್ತು ವರ್ಷಗಳಾದ ಮೇಲೆ ಅವನ ಕೃತಿಗಳು ಸರ್ವರ ಸ್ವತ್ತಾಗುತ್ತವೆ. ಅವುಗಳಿಗೆ ಬೀಗವೂ ಬೇಡ, ಸರದಿಯೂ ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವು ಪಾಲ್ಗೊಂಡಿದ್ದ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಯೋಜನೆಯಲ್ಲಿ ಪುಟಪುಟವಾಗಿ ಚಿತ್ರ ತೆಗೆದ ಹಳೆಯ ಕನ್ನಡ ಗ್ರಂಥಗಳು ಇಂದು ಅದೇ ಇಂಟರ್ನೆಟ್ ಆರ್ಕೈವಿನಲ್ಲಿಯೂ ದೊರೆಯುತ್ತವೆ.

ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಆದುದು 1965ರಲ್ಲಿ. ಅದರಂತೆ ಮನೆ, ನಿವೇಶನಗಳ ಕಂದಾಯದೊಡನೆ ಗ್ರಂಥಾಲಯ ಕರವೊಂದನ್ನು ವಸೂಲು ಮಾಡಲಾಗುತ್ತದೆ. ಆದುದರಿಂದ ನಮ್ಮ ಊರುಗಳ ಗ್ರಂಥಾಲಯ ಯಾರೋ ಮಾಡಿದ ಧರ್ಮವಲ್ಲ, ಜನರೇ ಹಣ ತೆತ್ತು ಇರಿಸಿಕೊಂಡಿರುವ ಪುಸ್ತಕಭಂಡಾರ. 2020ರಲ್ಲಿ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆ ಡಿಜಿಟಲ್ ಗ್ರಂಥಾಲಯವನ್ನು ತೆರೆದು, ಹೆಸರು ನೋಂದಾಯಿಸಿಕೊಂಡವರು ಮನೆಯಲ್ಲಿಯೇ ಉಚಿತವಾಗಿ ಓದುವಂತೆ ಮಾಡಿತು. ಅದಾದ ಕೆಲವೇ ವಾರಗಳಲ್ಲಿ ಸಾಂಕ್ರಾಮಿಕದ ದಿಗ್ಬಂಧನ ಬಂದು, ಊರಿನ ಗ್ರಂಥಾಲಯಗಳ ಬಾಗಿಲು ಮುಚ್ಚಿದವು.

ಗ್ರಂಥಾಲಯ ಶಾಸ್ತ್ರದ ಆಚಾರ್ಯರೆನಿಸಿದ ಎಸ್. ಆರ್. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಈ ನಗರದಲ್ಲಿಯೇ ತೀರಿಕೊಂಡರು. ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಒಂದು ಓದುಗನ ಹೊತ್ತನ್ನು ಹಾಳುಮಾಡಬಾರದೆಂಬುದು. ಅಡ್ಡಕಟ್ಟೆಯ ಈಚೆಗೆ ಚೀಟಿ ಹಿಡಿದು ನಿಂತ ಓದುಗನನ್ನು ಕಪಾಟಿನ ಬಳಿಗೆ ಬಿಟ್ಟ ಕ್ಲೀವ್‌ಲ್ಯಾಂಡಿನ ಬ್ರೆಟ್ ಆ ಸೂತ್ರ ಅಚ್ಚಾಗುವ ಮೊದಲೇ ಅದನ್ನು ಆಚರಿಸಿದ್ದನು. ಇ-ಪುಸ್ತಕದ ಸರದಿ ಆ ಸೂತ್ರಕ್ಕೆ ಇಂದು ಒಡ್ಡಿರುವ ಅಡ್ಡಕಟ್ಟೆ ಮರದ್ದಲ್ಲ. ಆದುದರಿಂದ ಅದನ್ನು ತೆಗೆಸುವುದು ಒಬ್ಬ ಗ್ರಂಥಪಾಲಕನ ಕೈಯಲ್ಲಿಲ್ಲ.

ಕಾಯುವವರ ಕೈಯಲ್ಲಿ ಮಾತ್ರ ಒಂದಿಷ್ಟು ಉಳಿದಿದೆ. ಓದಿ ಮುಗಿಸಿದ ಇ-ಪುಸ್ತಕವನ್ನು ಅವಧಿ ತೀರುವವರೆಗೆ ಸುಮ್ಮನೆ ಇರಿಸಿಕೊಳ್ಳದೆ ಅಂದೇ ಹಿಂದಿರುಗಿಸಿದರೆ, ಹಿಂದೆ ನಿಂತವರೆಲ್ಲ ಅಷ್ಟು ದಿನ ಮುಂದಕ್ಕೆ ಸರಿಯುತ್ತಾರೆ. ಲಿಬ್ಬಿಯಲ್ಲಿ ಇನ್ನೊಂದು ಅನುಕೂಲವೂ ಉಂಟು. ತನ್ನ ಸರದಿ ಬಂದಾಗ ಕೈಯಲ್ಲಿ ಬೇರೆ ಪುಸ್ತಕವಿದ್ದರೆ ಓದುಗನು ತನಗೆ ಆಮೇಲೆ ಸಾಕೆಂದು ಹೇಳಿ, ಮುಂದಿನವನಿಗೆ ಬಿಟ್ಟುಕೊಡಬಹುದು. ಆದರೂ ಸರದಿಯಲ್ಲಿ ಅವನ ಸ್ಥಾನ ತಪ್ಪುವುದಿಲ್ಲ. ಬಿಟ್ಟುಕೊಟ್ಟವನಿಗೆ ಪುಸ್ತಕ ಯಾರಿಗೆ ಹೋಯಿತೆಂದು ತಿಳಿಯದು. ಪಡೆದವನಿಗೂ ಅದು ಕೆಲವು ದಿನ ಮೊದಲೇ ಏಕೆ ಬಂದಿತೆಂದು ತಿಳಿಯದು.